ರೈಲಿಲ್ಲದ ಊರಿನ ಲೆಕ್ಕ

2015ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಒಂದು ರೈಲು ಮಂಡಳಿ ತನ್ನದೇ ಯೋಜನೆಯ ಬಗ್ಗೆ ತಾನೇ ತಯಾರಿಸಿದ ಪರಿಸರ ವರದಿಗೆ ಒಪ್ಪಿಗೆಯ ಮುದ್ರೆ ಒತ್ತಿತು. ಸ್ಯಾನ್ ಫ್ರಾನ್ಸಿಸ್ಕೊದಿಂದ ಸ್ಯಾನ್ ಹೋಸೆಯವರೆಗೆ ಸಿಲಿಕಾನ್ ಕಣಿವೆಯ ಊರುಗಳನ್ನು ಮಣಿಸರದಂತೆ ಪೋಣಿಸುವ ಕ್ಯಾಲ್‌ಟ್ರೇನ್ ಮಾರ್ಗ ಅದು. 1864ರಿಂದ ರೈಲು ಓಡುತ್ತಿರುವ ಹಳಿ. ಅದರ ಸುಮಾರು 82 ಕಿಲೋಮೀಟರ್ ಉದ್ದಕ್ಕೂ ವಿದ್ಯುತ್ ತಂತಿ ಎಳೆದು, ಹೊಗೆಯುಗುಳುವ ಡೀಸೆಲ್ ಎಂಜಿನ್‌ಗಳ ಜಾಗಕ್ಕೆ ವಿದ್ಯುತ್ ರೈಲು ತರುವುದು, ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ ಒಂದು ದಿಕ್ಕಿನಲ್ಲಿ ಐದು ಓಡುತ್ತಿದ್ದ ಗಾಡಿಗಳನ್ನು ಆರಕ್ಕೆ ಏರಿಸುವುದು ಯೋಜನೆ. ಇಂಥದ್ದರಿಂದ ಪರಿಸರಕ್ಕೆ ಒಳ್ಳೆಯದೇ ಆಗಬೇಕಲ್ಲವೆ? ಆದರೆ ವರದಿ ಕೆಲವು ಕಡೆ ಗಂಭೀರವಾದ, ತಪ್ಪಿಸಲಾಗದ ಹಾನಿ ಆಗುತ್ತದೆಂದು ಬರೆದಿತ್ತು. ಆ ಹಾನಿಗಳ ಪೈಕಿ ಒಂದು ಇದು: ರೈಲು ಹೆಚ್ಚಾದರೆ ಲೆವೆಲ್ ಕ್ರಾಸಿಂಗ್ ಗೇಟು ಹೆಚ್ಚು ಹೊತ್ತು ಮುಚ್ಚಿರುತ್ತದೆ, ಗೇಟಿನಾಚೆಯ ಚೌಕಗಳಲ್ಲಿ ಕಾರುಗಳು ಇನ್ನಷ್ಟು ಸೆಕೆಂಡು ಕಾಯಬೇಕಾಗುತ್ತದೆ. ಕಾರು ಕಾಯುವುದು ಪರಿಸರ ಹಾನಿ! ಮಂಡಳಿ ಅದಕ್ಕೆ ತಲೆಬಾಗಿ, ಹಾನಿಗಿಂತ ಲಾಭ ದೊಡ್ಡದೆಂಬ ಪ್ರತ್ಯೇಕ ಹೇಳಿಕೆಯೊಂದನ್ನು ಅಂಗೀಕರಿಸಿ ಮುಂದಕ್ಕೆ ಹೋಗಬೇಕಾಯಿತು.

ಇದನ್ನು ಕೆಂಪುಪಟ್ಟಿಯ ತಮಾಷೆ ಎಂದು ನಕ್ಕು ಬಿಡಬಹುದು. ಬಿಟ್ಟರೆ ಒಂದು ಒಳ್ಳೆಯ ಪಾಠ ಕೈತಪ್ಪುತ್ತದೆ. ಅಮೆರಿಕದ ರಾಷ್ಟ್ರೀಯ ಪರಿಸರ ನೀತಿ ಕಾಯಿದೆಗೆ 1970ರ ಜನವರಿ 1ರಂದು ಸಹಿ ಬಿತ್ತು. ಅದೇ ವರ್ಷ ಕ್ಯಾಲಿಫೋರ್ನಿಯಾ ತನ್ನದೇ ಕಾಯಿದೆ ಮಾಡಿಕೊಂಡಿತು, ಸಹಿ ಹಾಕಿದ ರಾಜ್ಯಪಾಲ ರೊನಾಲ್ಡ್ ರೇಗನ್. ಆ ಕಾಯಿದೆಗಳಿಂದ ಹುಟ್ಟಿದ, ಮುಂದೆ ಜಗತ್ತೆಲ್ಲ ಎರವಲು ಪಡೆದ ವಿಧಾನವನ್ನು ನಾವು ಪರಿಸರ ಪರಿಣಾಮದ ಅಧ್ಯಯನ ಎನ್ನುತ್ತೇವೆ. ಹೆಸರು ಕೇಳಿದರೆ ಅದು ನೆಲ, ನೀರು, ಗಾಳಿ, ಹಕ್ಕಿಪಕ್ಷಿಗಳ ವರ್ಣನೆ ಇರಬೇಕು ಅನಿಸುತ್ತದೆ. ವರದಿಯ ಬಹುಪಾಲು ಪುಟಗಳಲ್ಲಿ ಇರುವುದೂ ಅದೇ. ತೀರ್ಪು ಹುಟ್ಟುವುದು ಮಾತ್ರ ಬೇರೆ ಕಡೆ. ಅಧ್ಯಯನದ ಜೀವಾಳ ಎರಡು ಅಂಕಣಗಳ ಒಂದು ಕೋಷ್ಟಕ: ಎಡಕ್ಕೆ ಯೋಜನೆ ಆದರೆ ಏನಾಗುತ್ತದೆ, ಬಲಕ್ಕೆ ಆಗದಿದ್ದರೆ ಏನಾಗುತ್ತದೆ. ಎಡಗಡೆಯದನ್ನು ನಕ್ಷೆ ನೋಡಿ ಎಂಜಿನಿಯರು ಬರೆಯಬಲ್ಲ. ಬಲಗಡೆಯದು ಎಂದೂ ನಡೆಯದೆ ಹೋಗುವ ಲೋಕ, ಕಲ್ಪಿಸಿಕೊಳ್ಳಬೇಕಾದ ಊರು. ನಗರ ರೈಲಿನ ವಿಷಯದಲ್ಲಿ ಇಡೀ ವಾದವಿವಾದ ನಿಂತಿರುವುದು ಈ ಬಲಗಡೆಯ ಅಂಕಣದ ಮೇಲೆ ಎಂಬುದು ಈ ಅಧ್ಯಾಯದ ವಾದ. ರೈಲಿಲ್ಲದ ಊರನ್ನು ಹೇಗೆ ಕಲ್ಪಿಸಿಕೊಂಡೆವು, ಅದನ್ನು ಯಾವ ಮಾನದಿಂದ ಅಳೆದೆವು ಎಂಬುದರ ಮೇಲೆ ಒಂದೇ ರೈಲು ಒಮ್ಮೆ ಉಪಕಾರಿಯಾಗುತ್ತದೆ, ಒಮ್ಮೆ ಅಪರಾಧಿಯಾಗುತ್ತದೆ.

ಕಾರಿನ ಕಾಯುವಿಕೆ ಪರಿಸರದ ಪಟ್ಟಿಗೆ ಸೇರಿದ ಕಥೆಯನ್ನೇ ನೋಡಿ. 1965ರ ಅಮೆರಿಕನ್ ಹೆದ್ದಾರಿ ಕೈಪಿಡಿ ರಸ್ತೆಯ ಸೇವೆಗೆ ಎ ಇಂದ ಎಫ್ ವರೆಗೆ ಶಾಲೆಯ ಮಾರ್ಕಿನಂಥ ದರ್ಜೆ ಕೊಡುವ ಕ್ರಮ ತಂದಿತು. ಈಗ ಚಾಲ್ತಿಯಲ್ಲಿರುವ ರೂಪದಲ್ಲಿ, ಸಿಗ್ನಲ್ ಇರುವ ಚೌಕದಲ್ಲಿ ಒಂದು ವಾಹನದ ಸರಾಸರಿ ವಿಳಂಬ 10 ಸೆಕೆಂಡಿನೊಳಗಿದ್ದರೆ ಎ, 80 ಸೆಕೆಂಡು ಮೀರಿದರೆ ಎಫ್. ರಸ್ತೆ ಎಂಜಿನಿಯರಿಗೆ ಇದು ಉಪಯುಕ್ತ ಅಳತೆ, ತಕರಾರಿಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಅದು ಪರಿಸರ ವರದಿಯೊಳಕ್ಕೆ ನುಸುಳಿ, ದರ್ಜೆ ಇಳಿದರೆ ಪರಿಸರ ಕೆಟ್ಟಿತು ಎಂಬ ಅರ್ಥ ಪಡೆಯಿತು. ಈ ಅಳತೆಯಲ್ಲಿ ಎಣಿಕೆಗೆ ಸಿಗುವುದು ವಾಹನ, ಒಳಗಿನ ಮನುಷ್ಯನಲ್ಲ. ಒಬ್ಬನೇ ಕುಳಿತ ಕಾರೂ ಒಂದು, ಅರವತ್ತು ಜನರ ಬಸ್ಸೂ ಒಂದು; ಗೇಟಿನೊಳಗೆ ಹಾದುಹೋದ ರೈಲಿನಲ್ಲಿ ಸಾವಿರ ಜನರಿದ್ದರೆ ಅವರು ಸೊನ್ನೆ. ಪರಿಣಾಮ ಎಲ್ಲಿಗೆ ಮುಟ್ಟಿತೆಂದರೆ, ಸ್ಯಾನ್ ಫ್ರಾನ್ಸಿಸ್ಕೊ ನಗರದ ಸೈಕಲ್ ಮಾರ್ಗಗಳ ಯೋಜನೆಗೆ ಪೂರ್ಣ ಪರಿಸರ ವರದಿ ಆಗಿಲ್ಲವೆಂದು 2006ರಲ್ಲಿ ನ್ಯಾಯಾಲಯ ತಡೆ ಕೊಟ್ಟಿತು. ಅದು ತೆರವಾದದ್ದು 2010ರಲ್ಲಿ. ಸೈಕಲ್ ತುಳಿಯುವವರು ಊರಿನ ಗಾಳಿಗೆ ಮಾಡುವ ಹಾನಿ ಏನೆಂದು ತಿಳಿಯಲು ನಾಲ್ಕು ವರ್ಷ ಬೇಕಾಯಿತು.

2013ರಲ್ಲಿ ಆ ರಾಜ್ಯದ ಶಾಸನಸಭೆ ಮಾನವನ್ನೇ ಬದಲಿಸುವ ಕಾನೂನು ಮಾಡಿತು. ಕಾರು ಎಷ್ಟು ಸೆಕೆಂಡು ಕಾಯಿತು ಎಂಬ ಪ್ರಶ್ನೆ ಹೋಗಿ, ಯೋಜನೆಯಿಂದ ಒಟ್ಟಾರೆ ವಾಹನಗಳು ಎಷ್ಟು ಮೈಲಿ ಹೆಚ್ಚು ಅಥವಾ ಕಡಿಮೆ ಓಡುತ್ತವೆ ಎಂಬ ಪ್ರಶ್ನೆ ಬಂತು. ನಿಯಮಗಳು ಸಿದ್ಧವಾಗಿ ಎಲ್ಲೆಡೆ ಕಡ್ಡಾಯವಾಗುವ ಹೊತ್ತಿಗೆ 2020ರ ಜುಲೈ ಬಂದಿತ್ತು. ಹೀಗಾಗಿ ಕ್ಯಾಲ್‌ಟ್ರೇನ್ ವರದಿ ಎರಡು ಯುಗಗಳ ಹೊಸ್ತಿಲ ಮೇಲೆ ಕುಳಿತಿದೆ, ಮತ್ತು ಅದರಲ್ಲಿ ಎರಡೂ ಮಾನಗಳ ಉತ್ತರ ಸಿಗುತ್ತದೆ. ಹಳೆಯ ಮಾನದಲ್ಲಿ ಕೆಲವು ಚೌಕಗಳು ಹಾಳು. ಹೊಸ ಮಾನದಲ್ಲಿ 2040ರ ಹೊತ್ತಿಗೆ ಆ ಪ್ರದೇಶದ ರಸ್ತೆಗಳ ಮೇಲೆ ದಿನಕ್ಕೆ ಸುಮಾರು 6,19,000 ಮೈಲಿ, ಅಂದರೆ ಹತ್ತಿರ ಹತ್ತಿರ 10 ಲಕ್ಷ ಕಿಲೋಮೀಟರ್ ವಾಹನ ಓಡಾಟ ಉಳಿತಾಯ. ಎರಡೂ ಒಂದೇ ರೈಲಿನ ಬಗ್ಗೆ. ಗೇಟಿನ ಬಳಿ ನಿಂತು ನೋಡಿದರೆ ಕೇಡು. ಬೆಟ್ಟ ಹತ್ತಿ ನೋಡಿದರೆ ಒಳಿತು.

ಸ್ಥಳೀಯ ಕೇಡುಗಳೆಲ್ಲ ಹೀಗೆ ಅಳತೆಯ ಚೇಷ್ಟೆಯೇ ಎಂದು ತೀರ್ಮಾನಿಸುವುದು ಸುಲಭ, ಆದರೆ ಅವಸರದ್ದು. ಸದ್ದನ್ನು ತೆಗೆದುಕೊಳ್ಳೋಣ. ಕ್ಯಾಲ್‌ಟ್ರೇನ್ ದಿನಕ್ಕೆ 92 ಗಾಡಿಗಳಿಂದ 114ಕ್ಕೆ ಏರುವ ಲೆಕ್ಕ ಹಾಕಿತ್ತು: ಸುಮಾರು ಕಾಲುಪಾಲು ಹೆಚ್ಚಳ. ಹಳಿ ಪಕ್ಕದ ಮನೆಯವರ ಕಿವಿಗೆ ಸದ್ದು ಕಾಲುಪಾಲು ಹೆಚ್ಚುತ್ತದೆಯೆ? ಇಲ್ಲ. ಡೆಸಿಬೆಲ್ ಎಂಬುದು ಲಾಗರಿತಮ್ ಮಾಪನ. ಗಾಡಿಗಳ ಸಂಖ್ಯೆ ಎರಡರಷ್ಟಾದರೆ ದಿನದ ಸರಾಸರಿ ಶಬ್ದಮಟ್ಟ ಏರುವುದು 3 ಡೆಸಿಬೆಲ್ ಮಾತ್ರ. 92ರಿಂದ 114ಕ್ಕೆ ಹೋದಾಗ, ಗಾಡಿ ಒಂದೊಂದರ ಸದ್ದು ಮೊದಲಿನಷ್ಟೇ ಎಂದುಕೊಂಡರೂ, ಏರಿಕೆ ಒಂದು ಡೆಸಿಬೆಲ್ಲಿಗೂ ಕಡಿಮೆ. ವಿದ್ಯುತ್ ಗಾಡಿ ಡೀಸೆಲ್ಲಿಗಿಂತ ಮೆತ್ತಗಿರುವುದರಿಂದ ಆ ಏರಿಕೆಯೂ ಕರಗಬಹುದು. ಸರಾಸರಿಯ ಈ ಸಮಾಧಾನ ನಿದ್ದೆಯಿಂದ ಎಚ್ಚರಗೊಂಡವನಿಗೆ ಸಮಾಧಾನವಲ್ಲ. ಅಮೆರಿಕದ ನಿಯಮದ ಪ್ರಕಾರ ಪ್ರತಿ ಲೆವೆಲ್ ಕ್ರಾಸಿಂಗ್‌ಗೆ ಮೊದಲು 15ರಿಂದ 20 ಸೆಕೆಂಡು 96ರಿಂದ 110 ಡೆಸಿಬೆಲ್ಲಿನ ಹಾರನ್ ಬಾರಿಸಬೇಕು. ಎಂಜಿನ್ ಯಾವುದಾದರೂ ಹಾರನ್ ಅದೇ. ಈ ಮಾರ್ಗದಲ್ಲಿ ಇಂಥ ಗೇಟುಗಳು ನಲವತ್ತರ ಆಸುಪಾಸು. ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗಿನ ಸದ್ದಿಗೆ 10 ಡೆಸಿಬೆಲ್ ದಂಡ ಸೇರಿಸಿ ಎಣಿಸುವ ಕ್ರಮ ವರದಿಗಳಲ್ಲಿ ಇದ್ದೇ ಇದೆ. ಆ ಹತ್ತು ಎಂಬ ಅಂಕಿ ಮನುಷ್ಯರ ನಿದ್ದೆಯ ಬಗ್ಗೆ ಯಾರೋ ಮಾಡಿದ ಒಂದು ಸಭ್ಯ ಒಪ್ಪಂದ, ಪ್ರಕೃತಿಯ ನಿಯತಾಂಕವಲ್ಲ.

ಮರಗಳದ್ದು ಇನ್ನೂ ಗಟ್ಟಿ ತಕರಾರು. 25,000 ವೋಲ್ಟ್ ತಂತಿಯ ಅಕ್ಕಪಕ್ಕ ಮೂರು ಮೀಟರಿನಷ್ಟು ಜಾಗ ಕೊಂಬೆಗಳಿಲ್ಲದೆ ಬರಿದಾಗಿರಬೇಕು. ಅದಕ್ಕಾಗಿ ಎರಡು ಸಾವಿರಕ್ಕೂ ಹೆಚ್ಚು ಮರ ಕಡಿಯಬೇಕಾದೀತು, ಇನ್ನಷ್ಟನ್ನು ಸವರಬೇಕಾದೀತು ಎಂದು ಕ್ಯಾಲ್‌ಟ್ರೇನ್ ಕರಡು ವರದಿ ಅಂದಾಜಿಸಿತ್ತು. ಪಾಲೊ ಆಲ್ಟೊ ಎಂಬ ಊರಿಗೆ ಹೆಸರು ಕೊಟ್ಟ, ಸಾವಿರ ವರ್ಷ ದಾಟಿದ ರೆಡ್‌ವುಡ್ ಮರ ನಿಂತಿರುವುದು ಇದೇ ಹಳಿಯ ಪಕ್ಕ. ಉಗಿಬಂಡಿಯ ಕಾಲದಲ್ಲಿ ಕಲ್ಲಿದ್ದಲ ಮಸಿ ಕುಡಿದು ಅದು ಸೊರಗಿತ್ತು. ಹೊಗೆಯಿಲ್ಲದ ಗಾಡಿ ಅದಕ್ಕೆ ವರವೇ. ಆದರೆ ಕಡಿಯುವ ಮರಕ್ಕೆ ಉಳಿಯುವ ಇಂಗಾಲವನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಟ್ಟು ಸರಿತೂಗಿಸುವವರು ಒಂದು ವಿಷಯ ಮರೆಯುತ್ತಾರೆ: ಇಂಗಾಲದ ಲಾಭ ಇಡೀ ಭೂಮಂಡಲಕ್ಕೆ ಹಂಚಿಹೋಗುತ್ತದೆ, ನೆರಳಿನ ನಷ್ಟ ಒಂದು ಬೀದಿಯ ಮೇಲೆ ಬೀಳುತ್ತದೆ. ಇವೆರಡನ್ನು ಒಂದೇ ಸಂಖ್ಯೆಗೆ ಇಳಿಸುವುದು ಗಣಿತಕ್ಕೆ ಸಾಧ್ಯ, ನ್ಯಾಯಕ್ಕೆ ಕಷ್ಟ. ಆ ಬೀದಿಯವನಿಗೆ ಬೇಕಿರುವುದು ಕಂಬ ಎರಡಡಿ ಆಚೆ ನೆಡಲು ಬರುತ್ತದೆಯೇ ಎಂಬುದಕ್ಕೆ ಉತ್ತರ. ವರದಿಯೊಂದು ನಿಜವಾಗಿ ಕೆಲಸಕ್ಕೆ ಬರುವುದು ಇಂಥ ಪ್ರಶ್ನೆಗಳಲ್ಲೇ ಎಂದು ನನಗನಿಸುತ್ತದೆ.

ಈಗ ಬೆಟ್ಟದ ಮೇಲಿನ ನೋಟಕ್ಕೂ ಅದೇ ಕಟ್ಟುನಿಟ್ಟು ಬೇಕು. ಹತ್ತು ಲಕ್ಷ ಕಿಲೋಮೀಟರ್ ಉಳಿಯುತ್ತದೆಂಬುದು ಎಣಿಸಿ ಕಂಡದ್ದಲ್ಲ, ಮಾದರಿಯೊಂದು ಹೇಳಿದ್ದು. ಆ ಮಾದರಿ ರೈಲಿಲ್ಲದ ಊರಿನಲ್ಲಿ ಈ ಪ್ರಯಾಣಿಕರೆಲ್ಲ ಏನು ಮಾಡುತ್ತಿದ್ದರು ಎಂದು ಊಹಿಸುತ್ತದೆ. ಊಹೆಗೆ ಎರಡು ಗಂಭೀರ ಆಕ್ಷೇಪಗಳಿವೆ. ಮೊದಲನೆಯದು, ರೈಲು ಓಡುವಾಗಿನ ಹೊಗೆಯನ್ನಷ್ಟೇ ಎಣಿಸಿದರೆ ಸಾಲದು. ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರಾದ ಮಿಖೈಲ್ ಚೆಸ್ಟರ್ ಮತ್ತು ಅರ್ಪಾದ್ ಹೊರ್ವಾತ್ 2009ರಲ್ಲಿ ಕಾಂಕ್ರೀಟು, ಉಕ್ಕು, ನಿಲ್ದಾಣದ ದೀಪ, ದುರಸ್ತಿ, ಇಂಧನ ತಯಾರಿಕೆ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದರು. ಅವರು ಪರಿಶೀಲಿಸಿದ ವ್ಯವಸ್ಥೆಗಳಲ್ಲಿ ಕ್ಯಾಲ್‌ಟ್ರೇನ್ ಕೂಡ ಒಂದು. ಓಡಿಸುವಾಗಿನ ಶಕ್ತಿ ಮತ್ತು ಹಸಿರುಮನೆ ಅನಿಲಗಳ ಮೇಲೆ ರಸ್ತೆ ವಾಹನಗಳಿಗೆ ಶೇ. 63 ಹೆಚ್ಚುವರಿ ಸೇರಬೇಕಾಯಿತು, ರೈಲಿಗೆ ಶೇ. 155. ರೈಲಿನ ಬಹುಪಾಲು ಋಣ ಕಟ್ಟಡದಲ್ಲಿ ಹುದುಗಿರುತ್ತದೆ, ಅದು ತೀರುವುದು ಸೀಟು ತುಂಬಿದರೆ ಮಾತ್ರ. ಖಾಲಿ ಓಡುವ ರೈಲಿಗಿಂತ ತುಂಬಿದ ಬಸ್ಸು ಎಷ್ಟೋ ವಾಸಿ ಎಂಬುದು ಆ ಅಧ್ಯಯನದ ಒಳದನಿ.

ಎರಡನೆಯದು ಇನ್ನೂ ಚುಚ್ಚುವಂಥದ್ದು. ಅರ್ಥಶಾಸ್ತ್ರಜ್ಞರಾದ ಜಿಲ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ 2011ರಲ್ಲಿ ಅಮೆರಿಕದ ನಗರ ಪ್ರದೇಶಗಳ ಅಂಕಿಅಂಶ ಜಾಲಾಡಿ, ರಸ್ತೆ ಎಷ್ಟು ಹೆಚ್ಚಿಸಿದರೆ ವಾಹನ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚುತ್ತದೆಂದು ತೋರಿಸಿದರು. ರಸ್ತೆ ಅಗಲೀಕರಣದ ವಿರೋಧಿಗಳು ಇದನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಅದೇ ಪ್ರಬಂಧದ ಇನ್ನೊಂದು ಮಾತನ್ನು ಅವರು ಅಷ್ಟಾಗಿ ಹೇಳುವುದಿಲ್ಲ: ಸಾರ್ವಜನಿಕ ಸಾರಿಗೆ ಹೆಚ್ಚಿಸಿದರೆ ಒಟ್ಟು ವಾಹನ ಓಡಾಟ ತಗ್ಗುತ್ತದೆ ಎಂಬುದಕ್ಕೂ ಪುರಾವೆ ಸಿಗಲಿಲ್ಲ. ಒಬ್ಬ ಕಾರು ಬಿಟ್ಟು ರೈಲು ಹತ್ತಿದರೆ ರಸ್ತೆಯಲ್ಲಿ ತೆರವಾದ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಹಾಗಿದ್ದರೆ ಹತ್ತು ಲಕ್ಷ ಕಿಲೋಮೀಟರ್ ಬರೀ ಬುರುಡೆಯೆ? ಇಲ್ಲೊಂದು ಅಪರೂಪದ ಸಾಕ್ಷ್ಯ ನೆರವಿಗೆ ಬರುತ್ತದೆ. 2003ರಲ್ಲಿ ಲಾಸ್ ಏಂಜಲೀಸಿನ ಸಾರಿಗೆ ನೌಕರರು 35 ದಿನ ಮುಷ್ಕರ ಹೂಡಿದರು. ಬಲಗಡೆಯ ಅಂಕಣ, ಅಂದರೆ ಬಸ್ಸು ರೈಲಿಲ್ಲದ ಊರು, ಒಂದು ತಿಂಗಳ ಮಟ್ಟಿಗೆ ಕಣ್ಣೆದುರೇ ನಿಂತಿತು. ಆ ದಿನಗಳಲ್ಲಿ ಹೆದ್ದಾರಿಗಳ ಸರಾಸರಿ ವಿಳಂಬ ಶೇ. 47ರಷ್ಟು ಏರಿದ್ದನ್ನು ಅರ್ಥಶಾಸ್ತ್ರಜ್ಞ ಮೈಕೆಲ್ ಆಂಡರ್ಸನ್ 2014ರಲ್ಲಿ ಪ್ರಕಟಿಸಿದರು. ಕಾರೇ ದೇವರಾದ ಆ ಊರಿನಲ್ಲಿ ಸಾರಿಗೆ ಹಿಡಿಯುವವರ ಪಾಲು ತೀರ ಚಿಕ್ಕದಿದ್ದರೂ. ಕಾರಣ ಸರಳ. ಬಸ್ಸು ರೈಲು ಹಿಡಿಯುವವರು ಸಮನಾಗಿ ಹಂಚಿಹೋದವರಲ್ಲ, ಅತಿ ದಟ್ಟಣೆಯ ದಾರಿಗಳಲ್ಲೇ, ಅತಿ ದಟ್ಟಣೆಯ ಹೊತ್ತಿನಲ್ಲೇ ಓಡಾಡುವವರು. ಎರಡು ಅಧ್ಯಯನಗಳು ಒಂದನ್ನೊಂದು ಸುಳ್ಳು ಮಾಡುವುದಿಲ್ಲ. ಒಂದು ದೀರ್ಘಕಾಲದಲ್ಲಿ ಒಟ್ಟು ದೂರವನ್ನು ಅಳೆಯಿತು, ಇನ್ನೊಂದು ಅಲ್ಪಕಾಲದಲ್ಲಿ ವಿಳಂಬವನ್ನು. ಎರಡನ್ನೂ ಕೂಡಿಸಿ ಓದಿದರೆ ನಾನು ತೆಗೆಯುವ ತೀರ್ಮಾನ ಇಷ್ಟು: ರೈಲು ರಸ್ತೆಯನ್ನು ಖಾಲಿ ಮಾಡುತ್ತದೆಂದು ವರದಿಯಲ್ಲಿ ಬರೆಯುವುದು ಅಪಾಯಕಾರಿ ಭರವಸೆ, ರಸ್ತೆ ಹೊರಲಾರದ ಜನರನ್ನು ಅದು ಹೊರುತ್ತದೆಂದು ಬರೆಯುವುದು ನಿಲ್ಲುವ ಮಾತು.

ಮುನ್ನೋಟಗಳ ಹಣೆಬರಹವನ್ನೂ ಇಲ್ಲೇ ಹೇಳಿಬಿಡಬೇಕು. ಕ್ಯಾಲ್‌ಟ್ರೇನ್ ವರದಿ 2020ನ್ನು ವಿದ್ಯುತ್ ಗಾಡಿ ಶುರುವಾಗುವ ವರ್ಷವೆಂದು ಹಿಡಿದು, ಆ ವರ್ಷದ ಉಳಿತಾಯವನ್ನೂ ಅಂಕಿಯಲ್ಲಿ ಬರೆದಿತ್ತು. 2020 ಬಂತು. ವಿದ್ಯುತ್ ಗಾಡಿ ಬರಲಿಲ್ಲ, ಕೋವಿಡ್ ಬಂತು, ಇದ್ದ ಡೀಸೆಲ್ ಗಾಡಿಗಳಲ್ಲೂ ಜನರಿರಲಿಲ್ಲ. ಹೊಸ ಗಾಡಿಗಳು ಪೂರ್ಣ ಪ್ರಮಾಣದಲ್ಲಿ ಓಡತೊಡಗಿದ್ದು 2024ರ ಸೆಪ್ಟೆಂಬರ್ 21ರಂದು. ಈ ವಿಳಂಬಕ್ಕೆ ಪರಿಸರ ಅಧ್ಯಯನವೇ ಕಾರಣ ಎಂಬುದು ಜನಪ್ರಿಯ ದೂರು. ಆಥರ್ಟನ್ ಎಂಬ ಸಿರಿವಂತರ ಊರು ವರದಿಯ ವಿರುದ್ಧ ಮೊಕದ್ದಮೆ ಹೂಡಿದ್ದು ನಿಜ. 2016ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿದ್ದೂ ನಿಜ. ಅಲ್ಲಿಂದಾಚೆಗಿನ ವರ್ಷಗಳನ್ನು ನುಂಗಿದ್ದು ಹಣ ಹೊಂದಿಸುವ ಪಾಡು, ರೈಲು ಓಡಿಸುತ್ತಲೇ ಹಳಿ ಪಕ್ಕ ಕಂಬ ನೆಡುವ ಕಷ್ಟ, ಗೇಟಿನ ಸಿಗ್ನಲ್‌ಗಳ ತಲೆನೋವು, ಕೊನೆಗೆ ಸಾಂಕ್ರಾಮಿಕ. ವರದಿ ಬರೆಯುವುದು ಇದರಲ್ಲಿ ಎರಡು ವರ್ಷದ ಕೆಲಸವಾಗಿತ್ತು.

ಗಾಡಿ ಓಡತೊಡಗಿದ ಮೇಲೆ ಕಂಡದ್ದರಲ್ಲಿ ಕೆಲವು ಅಂಕಿಗಳು ಮುನ್ನೋಟಕ್ಕಿಂತ ಸ್ವಾರಸ್ಯಕರ. ನಮ್ಮ ಮೆಮು ಗಾಡಿಗಳಂತೆ ಇವಕ್ಕೂ ಪ್ರತ್ಯೇಕ ಎಂಜಿನ್ ಇಲ್ಲ, ಮೋಟಾರುಗಳು ಬೋಗಿಗಳ ಕೆಳಗೇ ಹಂಚಿಕೊಂಡಿರುತ್ತವೆ. ಹಾಗಾಗಿ ನಿಂತಲ್ಲಿಂದ ಬೇಗ ವೇಗ ಹಿಡಿಯುತ್ತವೆ. ಬ್ರೇಕ್ ಹಾಕಿದಾಗ ಅದೇ ಮೋಟಾರು ಡೈನಮೊ ಆಗಿ ವಿದ್ಯುತ್ತನ್ನು ತಂತಿಗೆ ಮರಳಿಸುತ್ತದೆ. ಹೀಗೆ ಹಿಂದಿರುಗುವ ಪಾಲು ಬಳಕೆಯ ಶೇ. 23ರಷ್ಟಿದೆ ಎಂದು ಸಂಸ್ಥೆ ಹೇಳಿಕೊಂಡಿದೆ. ಇದಕ್ಕಿಂತ ಮುಖ್ಯವಾದದ್ದು ಬರ್ಕ್ಲಿಯ ವಿಜ್ಞಾನಿಗಳು 2025ರಲ್ಲಿ ಪ್ರಕಟಿಸಿದ ಅಳತೆ: ಡೀಸೆಲ್ ಹೋಗಿ ವಿದ್ಯುತ್ ಬಂದ ಕೆಲವೇ ವಾರಗಳ ಅವಧಿಯಲ್ಲಿ, ಬೋಗಿಯೊಳಗೆ ಕುಳಿತವರು ಉಸಿರಾಡುವ ಕಪ್ಪು ಇಂಗಾಲ, ಅಂದರೆ ಮಸಿಯ ಕಣ, ಶೇ. 89 ಇಳಿಯಿತು. ಪರಿಸರ ವರದಿಗಳು ವಾಡಿಕೆಯಂತೆ ನೋಡುವುದು ಹಳಿ ಪಕ್ಕದ ಮನೆ, ಶಾಲೆ, ಆಸ್ಪತ್ರೆಗಳನ್ನು. ರೈಲಿನ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿಯುತ್ತಿದ್ದವನು ರೈಲಿನೊಳಗೇ ಇದ್ದ. ಆ ಸಂಶೋಧಕರು ಹಳೆಯ ಗಾಡಿಗಳು ಇನ್ನೂ ಓಡುತ್ತಿರುವಾಗಲೇ ಉಪಕರಣ ಹಿಡಿದು ಹತ್ತಿದ್ದರಿಂದ ಇದು ತಿಳಿಯಿತು.

ಇಷ್ಟೆಲ್ಲ ಗೊಂದಲ ಯಾಕೆ, ರೈಲು ಹೇಗಿದ್ದರೂ ಕಾರಿಗಿಂತ ಮೇಲು, ಅದಕ್ಕೆ ವಿನಾಯಿತಿ ಕೊಟ್ಟುಬಿಡಿ ಎನ್ನುವವರಿದ್ದಾರೆ. ಕ್ಯಾಲಿಫೋರ್ನಿಯಾ 2020ರಿಂದ ಹಲವು ಬಗೆಯ ಸಾರಿಗೆ ಯೋಜನೆಗಳಿಗೆ ಹಾಗೆ ಮಾಡಿಯೂ ಇದೆ. ಸೈಕಲ್ ಮಾರ್ಗವನ್ನು ನಾಲ್ಕು ವರ್ಷ ಕಟ್ಟಿಹಾಕಿದ ರಾಜ್ಯಕ್ಕೆ ಈ ಪ್ರಾಯಶ್ಚಿತ್ತ ಸಲ್ಲುತ್ತದೆ ಎನ್ನೋಣ. ಆದರೆ ವಿನಾಯಿತಿ ಎಂದರೆ ಬಲಗಡೆಯ ಅಂಕಣವನ್ನು ಸರಿಯಾಗಿ ಬರೆಯುವುದಲ್ಲ, ಕೋಷ್ಟಕವನ್ನೇ ಹರಿದುಹಾಕುವುದು. ಅದರ ಪೂರ್ಣ ರೂಪ ನೋಡಬೇಕಾದರೆ ಭಾರತಕ್ಕೆ ಬರಬೇಕು. ನಮ್ಮ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಹೆದ್ದಾರಿ ಇದೆ, ವಿಮಾನ ನಿಲ್ದಾಣ ಇದೆ, ಬಂದರು ಇದೆ, 20,000 ಚದರ ಮೀಟರ್ ಮೀರಿದ ಕಟ್ಟಡ ಇದೆ. ರೈಲು ಮಾರ್ಗ ಇಲ್ಲ. ದೊಡ್ಡದೊಂದು ವಸತಿ ಸಮುಚ್ಚಯ ಕಟ್ಟುವವ ಮುಂಚಿತ ಪರಿಸರ ಅನುಮತಿ ಪಡೆಯಬೇಕು. ಊರನ್ನು ಅಡ್ಡಡ್ಡ ಸೀಳಿ ನೂರಾರು ಕಿಲೋಮೀಟರ್ ಹಳಿ ಹಾಕುವವರು ಪಡೆಯಬೇಕಾಗಿಲ್ಲ.

2020ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಸಮಿತಿ ಒಪ್ಪಿದ ಬೆಂಗಳೂರು ಉಪನಗರ ರೈಲು ಯೋಜನೆ ಈ ವಿನಾಯಿತಿಯೊಳಗೇ ಬರುತ್ತದೆ. ಉದ್ದ 148 ಕಿಲೋಮೀಟರ್, ಅಂದಾಜು ವೆಚ್ಚ 15,767 ಕೋಟಿ ರೂಪಾಯಿ, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ನಾಲ್ಕು ಮಾರ್ಗಗಳು. ಪರಿಸರದ ವಿಚಾರಣೆ ಇಲ್ಲವೇ ಇಲ್ಲವೆಂದಲ್ಲ. ಯೋಜನೆಗೆ ಸಾಲ ಕೊಡಲು ಮುಂದಾದ ಜರ್ಮನಿಯ ಕೆಎಫ್‌ಡಬ್ಲ್ಯು ಮತ್ತು ಯುರೋಪಿನ ಹೂಡಿಕೆ ಬ್ಯಾಂಕಿಗೆ ತಮ್ಮದೇ ನಿಯಮಗಳಿವೆ, ಅವಕ್ಕೆ ಪರಿಸರ ಮತ್ತು ಸಾಮಾಜಿಕ ಪರಿಣಾಮದ ಅಧ್ಯಯನ ಬೇಕು; ಸಾಲ ಪಡೆದವನ ಪರಿಸರವನ್ನು ಸಾಲ ಕೊಟ್ಟವನು ಕಾಯಬೇಕಾದ ವಿಚಿತ್ರ ಏರ್ಪಾಡು. ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಹೀಗಾಗಿ ಊರಿನವರು ಈ ರೈಲಿನ ಬಗ್ಗೆ ಕಾನೂನಿನ ಮುಂದೆ ಬಾಯಿ ತೆರೆಯಬಹುದಾದ ಜಾಗ ಬಹುಮಟ್ಟಿಗೆ ಮರದ ಬುಡವೊಂದೇ. ಎಲ್ಲ ಸಿಟ್ಟೂ ಮರದ ಲೆಕ್ಕದ ರೂಪದಲ್ಲೇ ಹೊರಬರುವುದಕ್ಕೆ ಇದೂ ಕಾರಣ ಇರಬೇಕು. ಎಷ್ಟು ಜನ ಹತ್ತುತ್ತಾರೆ, ಅವರು ಎಲ್ಲಿಂದ ಬರುತ್ತಾರೆ, ನಿಲ್ದಾಣದಿಂದ ಬಸ್ಸು ಸಿಗುತ್ತದೆಯೆ ಎಂದು ಕೇಳಲು ಅಲ್ಲಿ ಅವಕಾಶ ಇಲ್ಲ.

ಬೆಂಗಳೂರಿನಲ್ಲಿ ಆ ಪ್ರಶ್ನೆಗಳ ತೂಕ ಕ್ಯಾಲಿಫೋರ್ನಿಯಾಕ್ಕಿಂತ ಹೆಚ್ಚು. ಅಲ್ಲಿ ಒಬ್ಬನೇ ಒಬ್ಬ ಹೊಸ ಪ್ರಯಾಣಿಕ ಬರದಿದ್ದರೂ ಡೀಸೆಲ್ ಹೋದ ಲಾಭ ಕೈಯಲ್ಲಿರುತ್ತಿತ್ತು. ಬೆಂಗಳೂರಿನ ಸುತ್ತಲ ಹೆಚ್ಚಿನ ಹಳಿಗಳಿಗೆ ಈಗಾಗಲೇ ವಿದ್ಯುತ್ ತಂತಿ ಇದೆ. ಇಲ್ಲಿ ಹೊಸ ರೈಲಿನ ಪರಿಸರ ಲಾಭವೆಲ್ಲ ಸ್ಕೂಟರು, ಕಾರು ಬಿಟ್ಟು ಬರುವವರಿಂದಲೇ ಹುಟ್ಟಬೇಕು. ಬಸ್ಸು ಬಿಟ್ಟು ಬಂದವನಿಂದ ಹುಟ್ಟುವುದು ಅತ್ಯಲ್ಪ. ಎರಡು ಅಂಕಣಗಳ ಪೈಕಿ ದುರ್ಬಲವಾದುದರ ಮೇಲೇ ಇಡೀ ಭಾರ ಬಿದ್ದಿದೆ, ಮತ್ತು ಅದನ್ನು ಬರೆಯಬೇಕೆಂದು ನಮ್ಮ ಕಾನೂನು ಯಾರಿಗೂ ಹೇಳಿಲ್ಲ. ಮೊದಲ ಗಾಡಿ ಹೊರಡುವ ಮೊದಲು ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರದವರೆಗಿನ ಮಲ್ಲಿಗೆ ಮಾರ್ಗದ ಅಕ್ಕಪಕ್ಕ ಬೆಳಗಿನ ಹೊತ್ತು ಯಾರು ಯಾವುದರಲ್ಲಿ ಹೋಗುತ್ತಿದ್ದಾರೆಂದು ಎಣಿಸಿಡುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಕಂಬ ನೆಡುವ ಗುತ್ತಿಗೆಯ ಮುಂದೆ ಅದು ಚಿಲ್ಲರೆ ಕಾಸು. ಗಾಡಿ ಹೊರಟ ಮಾರನೆಯ ದಿನ ಅದೇ ಎಣಿಕೆಯನ್ನು ಎಷ್ಟು ಕೋಟಿ ಕೊಟ್ಟರೂ ಮಾಡಲಾಗುವುದಿಲ್ಲ.